ಮನೆತನದ ಶಾಪ, ಮನೆಯವರ ಹೊಣೆ

ಭೂತಬಂಗಲೆಯ ಚಲನಚಿತ್ರಗಳನ್ನು ವಿಚಾರವಂತರು ಸಾಮಾನ್ಯವಾಗಿ ಚರ್ಚೆಗೆ ತಕ್ಕ ವಸ್ತುವೆಂದು ಎಣಿಸುವುದಿಲ್ಲ. ಅಗ್ಗದ ಮುಖವಾಡ, ಹೊಗೆ, ಕಿರಿಚಾಟ, ನಡುರಾತ್ರಿಯಲ್ಲಿ ತಾನಾಗಿ ತೆರೆದುಕೊಳ್ಳುವ ಬಾಗಿಲು, ಇಷ್ಟೇ ಅವುಗಳ ಬಂಡವಾಳವೆಂದು ತಳ್ಳಿಹಾಕುವುದು ರೂಢಿ. ಆ ತೀರ್ಪಿನಲ್ಲಿ ಬಹುಪಾಲು ಸತ್ಯವಿದೆ. ಕೊಲೆಯನ್ನು ವಿನೋದವಾಗಿ ನೋಡುತ್ತ ನೋಡುತ್ತ ಮನಸ್ಸಿನ ಕರುಣೆ ಮೊಂಡಾಗುತ್ತದೆಂಬ ಹಿರಿಯರ ಆಕ್ಷೇಪವೂ ನಿರಾಧಾರವಾದುದಲ್ಲ. ಆದರೆ ಈ ಚಿತ್ರಗಳ ಕಥೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುವುದು ಕಾಣುತ್ತದೆ. ಪೂರ್ವಜರು ಮಾಡಿದ ಕೃತ್ಯಕ್ಕೆ ಆ ವಂಶದಲ್ಲಿ ಹುಟ್ಟಿದವರು ಬೆಲೆ ತೆರಬೇಕೆ? ತೆರಬೇಕಾದರೆ ಯಾವ ನ್ಯಾಯದಿಂದ? ತೆರಬೇಕಾಗಿಲ್ಲವಾದರೆ ಅವರ ಹೊಣೆ ಏನೂ ಇಲ್ಲವೆ? ಪ್ರಶ್ನೆ ಮುಖವಾಡ ಧರಿಸಿ ಬಂದಿದೆಯೆಂಬ ಕಾರಣಕ್ಕೆ ಅದು ಸುಳ್ಳು ಪ್ರಶ್ನೆಯಾಗುವುದಿಲ್ಲ.

ಹಿಂದಿ ಚಿತ್ರರಂಗದಲ್ಲಿ ಈ ಬಗೆಯ ಕಥೆಗಳೊಡನೆ ಬೆಸೆದುಕೊಂಡ ಹೆಸರು ಮುಂಬಯಿಯ ರಾಮ್ಸೆ ಸೋದರರದು. ಅವರ ಮನೆತನದ ಮೂಲ ಹೆಸರು ರಾಮ್‌ಸಿಂಘಾನಿ. ದೇಶವಿಭಜನೆಗೆ ಮುನ್ನ ಕರಾಚಿಯಲ್ಲಿ ರೇಡಿಯೊ ವ್ಯಾಪಾರ ನಡೆಸುತ್ತಿದ್ದ ಈ ಸಿಂಧಿ ಕುಟುಂಬ ಮುಂಬಯಿಗೆ ಬಂದು ನೆಲೆಸಿತು, ತಂದೆ ಎಫ್.ಯು. ರಾಮ್ಸೆ ಚಿತ್ರನಿರ್ಮಾಣಕ್ಕೆ ಕೈಹಾಕಿದರು. 1970ರ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಚಿತ್ರ ಅಷ್ಟಾಗಿ ಗೆಲ್ಲಲಿಲ್ಲ. ಆದರೆ ಅದರಲ್ಲಿ ಪೃಥ್ವೀರಾಜ್ ಕಪೂರ್ ಭೀಕರವಾದ ಮುಖವಾಡ ಧರಿಸಿ ವಸ್ತುಸಂಗ್ರಹಾಲಯಕ್ಕೆ ಕನ್ನ ಹಾಕುವ ದೃಶ್ಯ ಬಂದಾಗ ಪ್ರೇಕ್ಷಕರು ಬೆಚ್ಚಿ ಮೆಚ್ಚುವುದನ್ನು ಮಕ್ಕಳು ಗಮನಿಸಿದರು. ಆ ಒಂದು ದೃಶ್ಯದಿಂದ ಕಲಿತ ಪಾಠವೇ 1972ರ 'ದೋ ಗಜ್ ಜಮೀನ್ ಕೇ ನೀಚೇ' ಚಿತ್ರಕ್ಕೆ ಕಾರಣವಾಯಿತು. ಏಳು ಮಂದಿ ಸೋದರರು ಕೆಲಸವನ್ನು ತಮ್ಮೊಳಗೇ ಹಂಚಿಕೊಂಡರು. ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಕುಮಾರ್ ಚಿತ್ರಕಥೆ, ಗಂಗು ಛಾಯಾಗ್ರಹಣ, ಕಿರಣ್ ಧ್ವನಿಗ್ರಹಣ ವಹಿಸಿದರು. ಕೇಶು ಮತ್ತು ಅರ್ಜುನ್ ಉಳಿದ ಹೊಣೆಗಳಿಗೆ ಹೆಗಲು ಕೊಟ್ಟರು. ದೊಡ್ಡ ತಾರೆಯರಿಲ್ಲ, ಸ್ಟುಡಿಯೊದಲ್ಲಿ ಕಟ್ಟಿಸಿದ ಭಾರೀ ಸೆಟ್ಟುಗಳಿಲ್ಲ; ಮಹಾಬಲೇಶ್ವರದಲ್ಲಿ ಬೀಡುಬಿಟ್ಟು ಇದ್ದ ಕಟ್ಟಡಗಳಲ್ಲಿಯೇ ಚಿತ್ರೀಕರಣ ನಡೆಯಿತು. ಒಂದು ಅವಿಭಕ್ತ ಕುಟುಂಬ ಒಗ್ಗಟ್ಟಿನಿಂದ ದುಡಿದು, ತನ್ನ ಮನೆಗೇ ಹೆದರುವ ಕುಟುಂಬಗಳ ಕಥೆಗಳನ್ನು ಜನರ ಮುಂದಿಟ್ಟಿತು.

ಈ ಚಿತ್ರಗಳಲ್ಲಿ ಅತ್ಯಂತ ಹೆಸರಾದುದು 1984ರ 'ಪುರಾನಾ ಮಂದಿರ್'. ಅದರ ಕಥೆ ಹೀಗಿದೆ. ಇನ್ನೂರು ವರ್ಷಗಳ ಹಿಂದೆ ಹರಿಮಾನ್ ಸಿಂಗ್ ಎಂಬ ರಾಜನ ನಾಡಿನಲ್ಲಿ ಸಾಮ್ರಿ ಎಂಬ ಪಿಶಾಚೋಪಾಸಕನು ನವವಧುಗಳನ್ನೂ ಮಕ್ಕಳನ್ನೂ ಕೊಲ್ಲುತ್ತಿದ್ದನು. ರಾಜನು ಅವನನ್ನು ಹಿಡಿಸಿ ಶಿರಚ್ಛೇದ ಮಾಡಿಸಿದನು; ರುಂಡವನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿಸಿ ತನ್ನ ಹವೇಲಿಯಲ್ಲಿಯೂ, ಮುಂಡವನ್ನು ಹಳೆಯ ದೇಗುಲದ ಹಿಂದೆಯೂ ಇರಿಸಿದನು. ಸಾಯುವ ಮುನ್ನ ಸಾಮ್ರಿ ಶಪಿಸಿದನು: ತನ್ನ ರುಂಡ ಮುಂಡಗಳು ಬೇರೆಯಾಗಿರುವವರೆಗೆ ಆ ಮನೆತನದ ಹೆಂಗಸರು ಹೆರಿಗೆಯಲ್ಲಿಯೇ ಸಾಯಬೇಕು, ಅವೆರಡೂ ಒಂದಾದ ದಿನ ತಾನು ಎದ್ದುಬಂದು ವಂಶವನ್ನೇ ನಿರ್ನಾಮ ಮಾಡುವೆನು. ಆ ವಂಶದ ಠಾಕೂರನೊಬ್ಬ ಈಗ ನಗರದಲ್ಲಿದ್ದಾನೆ. ಅವನ ಹೆಂಡತಿ ಮಗಳನ್ನು ಹೆತ್ತು ತೀರಿಹೋಗಿದ್ದಾಳೆ. ಮಗಳು ಸುಮನ್ ಪ್ರಾಯಕ್ಕೆ ಬಂದು ಸಂಜಯನೆಂಬ ಯುವಕನನ್ನು ಪ್ರೀತಿಸಿದಾಗ ತಂದೆ ಕೆರಳುತ್ತಾನೆ, ವಿರೋಧಿಸುತ್ತಾನೆ. ವಿರೋಧದ ನಿಜವಾದ ಕಾರಣವನ್ನು ಅವನು ಹೇಳುವುದು ಆಮೇಲೆ. ಕೇಳಿದ ಮಕ್ಕಳು ಓಡಿಹೋಗುವುದಿಲ್ಲ. ಆ ಹವೇಲಿಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಮುಂದೆ ಪೆಟ್ಟಿಗೆ ತೆರೆಯುತ್ತದೆ, ಸಾಮ್ರಿ ಏಳುತ್ತಾನೆ, ಕೊನೆಗೆ ನಾಶವಾಗುತ್ತಾನೆ.

ಇಲ್ಲಿ ರಾಜನು ಮಾಡಿದುದು ಅನ್ಯಾಯವೆಂದು ಹೇಳುವಂತಿಲ್ಲ. ಪ್ರಜೆಗಳನ್ನು ಕೊಲ್ಲುತ್ತಿದ್ದವನನ್ನು ತಡೆಯುವುದು ಅರಸನ ಕರ್ತವ್ಯವಾಗಿತ್ತು. ಗೃಹಸ್ಥಧರ್ಮವು ವಿರೋಧಿಹಿಂಸೆಯನ್ನು ಸಂಕಲ್ಪಹಿಂಸೆಯಿಂದ ಬೇರ್ಪಡಿಸಿ ನೋಡುವುದು ಇದಕ್ಕಾಗಿಯೇ. ಒಂದು ವೇಳೆ ಅವನು ತಪ್ಪೇ ಮಾಡಿದ್ದನೆಂದು ಇಟ್ಟುಕೊಂಡರೂ ಎರಡು ಶತಮಾನಗಳ ಅನಂತರ ಹುಟ್ಟಿದ ಹುಡುಗಿಗೂ ಅದಕ್ಕೂ ಏನು ಸಂಬಂಧ? ಜೈನ ವಿಚಾರದ ಉತ್ತರ ಈ ವಿಷಯದಲ್ಲಿ ನಿಸ್ಸಂದಿಗ್ಧವಾಗಿದೆ. ಜೀವವು ತಾನು ಕಟ್ಟಿಕೊಂಡ ಕರ್ಮದ ಫಲವನ್ನು ತಾನೇ ಉಣ್ಣುತ್ತದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾದ ಏಕತ್ವಾನುಪ್ರೇಕ್ಷೆ ಶ್ರಾವಕನ ಮನಸ್ಸಿಗೆ ತರುವುದು ಇದನ್ನೇ: ಹುಟ್ಟುವಾಗ ಒಬ್ಬಂಟಿ, ಸಾಯುವಾಗ ಒಬ್ಬಂಟಿ, ಫಲವನ್ನು ಅನುಭವಿಸುವಾಗಲೂ ಒಬ್ಬಂಟಿ. ತಂದೆಯ ಪುಣ್ಯ ಮಗನ ಖಾತೆಗೆ ಜಮೆಯಾಗುವುದಿಲ್ಲ. ಅಜ್ಜನ ಪಾಪ ಮೊಮ್ಮಗಳ ಖಾತೆಗೆ ಖರ್ಚು ಬೀಳುವುದಿಲ್ಲ. ಆದುದರಿಂದ ರಕ್ತದ ಮೂಲಕ ಹರಿದುಬರುವ ಶಾಪವೆಂಬುದು ಸಿದ್ಧಾಂತಕ್ಕೆ ವಿರುದ್ಧವಾದ ಕಲ್ಪನೆ.

ಆದರೆ ಇಷ್ಟು ಹೇಳಿ ಪುಸ್ತಕ ಮುಚ್ಚಿಬಿಟ್ಟರೆ ಅದು ಸುಲಭವಾದ ಉತ್ತರವಾದೀತು. ಸುಮನ್‌ಳ ಪೂರ್ವಕರ್ಮವೇ ಅವಳನ್ನು ಅಂಥ ಮನೆಯಲ್ಲಿ ಹುಟ್ಟಿಸಿತು, ಅನುಭವಿಸಲಿ ಎಂದು ವಾದಿಸುವವರೂ ಇರಬಹುದು. ಕರ್ಮಸಿದ್ಧಾಂತದ ಹೆಸರಿನಲ್ಲಿ ನಡೆಯುವ ತಪ್ಪುಗಳಲ್ಲಿ ಇದು ಬಹಳ ಹಳೆಯದು. ಮತ್ತೊಬ್ಬರ ದುಃಖಕ್ಕೆ ಅವರ ಕರ್ಮ ಉಪಾದಾನವಾಗಿರಬಹುದು. ನಿಮಿತ್ತವಾದವನ ಭಾವಕ್ಕೆ ಮಾತ್ರ ನಿಮಿತ್ತನೇ ಹೊಣೆ. ಹುಡುಗಿಯ ಕರ್ಮದ ಲೆಕ್ಕ ಏನೇ ಇರಲಿ, ವಿಷಯ ತಿಳಿದಿದ್ದೂ ಬಾಯಿಬಿಡದ ತಂದೆಯ ಲೆಕ್ಕ ಬೇರೆಯಾಗಿಯೇ ಬರೆಯಲ್ಪಡುತ್ತದೆ.

ಸೋದರರ ಮತ್ತೊಂದು ಚಿತ್ರ, 1990ರ 'ಬಂದ್ ದರ್ವಾಜಾ', ಈ ಪ್ರಶ್ನೆಯನ್ನು ಇನ್ನೂ ಕಟುವಾಗಿ ಇಡುತ್ತದೆ. ಹೆಸರಿನ ಅರ್ಥ ಮುಚ್ಚಿದ ಬಾಗಿಲು. ಮಕ್ಕಳಿಲ್ಲದ ಠಾಕೂರನ ಹೆಂಡತಿ ಸಂತಾನದ ಆಸೆಯಿಂದ ಕಾಲೀ ಪಹಾಡಿಯಲ್ಲಿರುವ ನೇವ್ಲಾ ಎಂಬ ದೈತ್ಯನ ಮೊರೆಹೋಗುತ್ತಾಳೆ. ಒಪ್ಪಂದ ಹೀಗೆ: ಗಂಡು ಹುಟ್ಟಿದರೆ ಮಗು ಅವಳದು, ಹೆಣ್ಣು ಹುಟ್ಟಿದರೆ ಅವನದು. ಹುಟ್ಟುವುದು ಹೆಣ್ಣು. ಅಲ್ಲಿಂದ ಮುಂದೆ ಆ ಹುಡುಗಿ ಕಾಮ್ಯಾಳ ಬದುಕಿನ ಮೇಲೆ, ಅವಳು ಹುಟ್ಟುವ ಮುನ್ನವೇ ಬೇರೆಯವರು ಮಾಡಿದ ವ್ಯಾಪಾರದ ನೆರಳು ಬೀಳುತ್ತದೆ. ಮೊದಲ ಚಿತ್ರದಲ್ಲಿ ಹಿರಿಯರದು ತಪ್ಪೆನ್ನಲು ಕಷ್ಟ. ಇಲ್ಲಿ ತಪ್ಪು ಸ್ಪಷ್ಟ. ಗಂಡಾದರೆ ಉಳಿಸಿಕೊಳ್ಳುವ, ಹೆಣ್ಣಾದರೆ ಬಿಟ್ಟುಕೊಡುವ ಒಪ್ಪಂದಕ್ಕೆ ತಲೆಯಾಡಿಸುವುದು ದೈತ್ಯನಿಲ್ಲದ ಮನೆಗಳಲ್ಲಿಯೂ ಕೇಳಿಬಂದಿರುವ ಸಂಗತಿ. ಎರಡು ಕಥೆಗಳಲ್ಲಿಯೂ ಸಮಾನವಾದುದು ಒಂದೇ: ಮಗು ಏನೂ ಮಾಡಿಲ್ಲ, ಮಗುವಿಗೆ ಏನೂ ಗೊತ್ತಿಲ್ಲ.

ಹಾಗಾದರೆ ತಲೆಮಾರಿನಿಂದ ತಲೆಮಾರಿಗೆ ದಾಟುವುದು ಏನು? ಪಾಪವಲ್ಲ. ದಾಟುವುದು ಮನೆ, ಮನೆಯೊಳಗಿನ ಪೆಟ್ಟಿಗೆ, ಪೆಟ್ಟಿಗೆಯ ವಿಷಯದಲ್ಲಿ ಪಾಲಿಸಿಕೊಂಡು ಬಂದ ಮೌನ. ತತ್ತ್ವಾರ್ಥಸೂತ್ರವು ಆಸ್ರವವನ್ನು ವಿವರಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳನ್ನು ಹೇಳುತ್ತದೆ: ತಾನೇ ಮಾಡುವುದು, ಮಾಡಿಸುವುದು, ಮಾಡಿದುದಕ್ಕೆ ಸಮ್ಮತಿಸುವುದು. ಅಜ್ಜನ ಕೃತ್ಯದಲ್ಲಿ ಮೊಮ್ಮಗನಿಗೆ ಕೃತವೂ ಇಲ್ಲ, ಕಾರಿತವೂ ಇಲ್ಲ. ಆದರೆ ಆ ಕೃತ್ಯ ಎಂಥದೆಂದು ತಿಳಿದ ಮೇಲೆಯೂ ಅದರ ಫಲವನ್ನು ಸಂತೋಷದಿಂದ ಇಟ್ಟುಕೊಂಡು ಸುಮ್ಮನಿದ್ದರೆ ಮೂರನೆಯ ದ್ವಾರ ತೆರೆಯುತ್ತದೆ. ಆ ಅನುಮೋದನೆ ಇಂದಿನದು; ಮಾಡಿದವನು ಮೊಮ್ಮಗನೇ. ಅಜ್ಜನ ಪಾಪ ಬಂದು ಅವನಿಗೆ ಅಂಟಿಕೊಂಡಿತೆಂದಲ್ಲ. ಅದರ ಪಕ್ಕದಲ್ಲಿ ಅವನು ತನ್ನದೊಂದನ್ನು ಹೊಸದಾಗಿ ಕಟ್ಟಿಕೊಂಡನು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಸರಪಳಿಯಂತೆ ಕಾಣುತ್ತವೆ. ಜನರು ಅದನ್ನು ಮನೆತನದ ಶಾಪವೆಂದು ಕರೆಯುತ್ತಾರೆ.

ಈ ಮಾತನ್ನು ಪರದೆಯಿಂದ ಇಳಿಸಿ ಮನೆಯ ಜಗಲಿಗೆ ತಂದರೆ ಅದರ ತೂಕ ತಿಳಿಯುತ್ತದೆ. ಪಾಲುಪತ್ರದಲ್ಲಿ ವಿಧವೆಯಾದ ಅತ್ತಿಗೆಯ ಹೆಸರು ಬಿಟ್ಟುಹೋಗಿರುತ್ತದೆ. ತಂಗಿಯಿಂದ ರುಜು ಹಾಕಿಸಿಕೊಳ್ಳುವಾಗ ಕಾಗದದಲ್ಲಿ ಏನಿದೆಯೆಂದು ಓದಿ ಹೇಳಿರುವುದಿಲ್ಲ. ನೆರೆಯವನು ನಂಬಿಕೆಯಿಂದ ಇಟ್ಟುಹೋದ ಒಡವೆ ಅವನ ಮರಣಾನಂತರ ಮನೆಯ ಒಡವೆಯೇ ಆಗಿಬಿಟ್ಟಿರುತ್ತದೆ. ನಿತ್ಯಪೂಜೆಗೆಂದು ದಾನಿಯೊಬ್ಬರು ಬಿಟ್ಟ ಭೂಮಿಯ ಉತ್ಪನ್ನ ಯಾವುದೋ ಕಾಲದಲ್ಲಿ ಬೇರೆ ದಾರಿ ಹಿಡಿದಿರುತ್ತದೆ. ಹಿಂದಿನ ಆಡಳಿತದವರ ಕಾಲದ ಕಡತವನ್ನು ಬಿಚ್ಚಲು ಇಂದಿನವರಿಗೆ ಮನಸ್ಸಾಗುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಈಗಿನ ತಲೆಮಾರು ಮಾಡಿರಲಾರದು. ಆದರೆ ಶ್ರಾವಕನ ಅಣುವ್ರತಗಳು ಈ ವಿಷಯದಲ್ಲಿ ಅಚ್ಚರಿಯಾಗುವಷ್ಟು ಸ್ಪಷ್ಟವಾಗಿವೆ. ಇಟ್ಟ ಠೇವಣಿಯನ್ನು ನುಂಗುವ ನ್ಯಾಸಾಪಹಾರವೂ ಸುಳ್ಳು ಪತ್ರ ಹುಟ್ಟಿಸುವ ಕೂಟಲೇಖಕ್ರಿಯೆಯೂ ಸತ್ಯಾಣುವ್ರತದ ಅತಿಚಾರಗಳು. ಕದ್ದು ತಂದುದನ್ನು ತೆಗೆದುಕೊಳ್ಳುವ ತದಾಹೃತಾದಾನ ಅಚೌರ್ಯಾಣುವ್ರತದ ಅತಿಚಾರ. ತಾನು ಕದಿಯದಿದ್ದರೂ, ಕದ್ದುದೆಂದು ತಿಳಿದು ಪಡೆದರೆ ವ್ರತಕ್ಕೆ ಕುಂದು. ಕೊಟ್ಟವನು ಸಂತೆಯ ಕಳ್ಳನಾಗಿರದೆ ಸ್ವಂತ ತಾತನೇ ಆಗಿದ್ದರೆ ಈ ನಿಯಮ ಸಡಿಲವಾಗುವುದೆಂದು ಎಲ್ಲಿಯೂ ಹೇಳಿಲ್ಲ.

ಇದಕ್ಕೆ ಎದುರಾಗಿ ಒಂದು ಗೌರವಯುತವಾದ ಆಕ್ಷೇಪವಿದೆ. ಹಿರಿಯರು ಮುಚ್ಚಿಟ್ಟುದು ಸ್ವಾರ್ಥಕ್ಕಾಗಿಯೇ ಆಗಿರಬೇಕಾಗಿಲ್ಲ. ಮಕ್ಕಳ ನೆಮ್ಮದಿಗಾಗಿ ಇರಬಹುದು. ಸತ್ತವರ ಮಾನವನ್ನು ಕಾಯುವುದೂ ಒಂದು ಧರ್ಮ. ರಹೋಭ್ಯಾಖ್ಯಾನ, ಅಂದರೆ ಏಕಾಂತದ ಗುಟ್ಟನ್ನು ಬಯಲುಮಾಡುವುದು, ಅದೇ ಸತ್ಯಾಣುವ್ರತದ ಇನ್ನೊಂದು ಅತಿಚಾರವಲ್ಲವೆ? ಆಕ್ಷೇಪ ನ್ಯಾಯವಾದುದೇ. ಆದರೆ ಅದರ ವ್ಯಾಪ್ತಿಯನ್ನು ಗುರುತಿಸಬೇಕು. ಬೇರೆಯವರ ಗುಟ್ಟನ್ನು ಊರಿಗೆ ಸಾರಿ ಅವರಿಗೆ ನೋವುಂಟುಮಾಡುವುದನ್ನು ವ್ರತ ತಡೆಯುತ್ತದೆ. ಯಾರ ಬದುಕು ಆ ಗುಟ್ಟಿನ ಮೇಲೆ ನಿಂತಿದೆಯೋ ಅವರಿಗೇ ಅದನ್ನು ತಿಳಿಸುವುದು ಬೇರೆ ಸಂಗತಿ. ಹೆರಿಗೆಯಲ್ಲಿ ಸಾಯುವ ಭಯವಿರುವುದು ಸುಮನ್‌ಳಿಗೆ. ಆದುದರಿಂದ ಆ ಗುಟ್ಟಿನ ಮೊದಲ ಒಡತಿ ಅವಳೇ. ತಂದೆ ಅವಳನ್ನು ಕಾಪಾಡುತ್ತಿದ್ದೇನೆಂದು ಭಾವಿಸಿ ಅವಳ ಸೊತ್ತನ್ನೇ ಅವಳಿಂದ ಬಚ್ಚಿಟ್ಟಿದ್ದನು. ಪಾಲು ತಪ್ಪಿದ ತಂಗಿಯ ವಿಷಯವೂ ಹೀಗೆಯೇ. ಅದು ಮನೆಯ ಗುಟ್ಟಲ್ಲ, ಅವಳ ಹಕ್ಕು.

ಮುಚ್ಚಿಟ್ಟುದು ನೆಮ್ಮದಿ ತರುತ್ತದೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಈ ಚಿತ್ರಗಳ ತಯಾರಿಕೆಯ ಒಂದು ಗುಟ್ಟು ಇಲ್ಲಿ ನೆನಪಿಗೆ ಬರುವಂತಹುದು. ಸಾಮ್ರಿಯಾಗಿ ನಟಿಸಿದ ಅಜಯ್ ಅಗರ್‌ವಾಲ್ ಓದಿನಿಂದ ಎಂಜಿನಿಯರ್. ಅವರ ಅಸಾಮಾನ್ಯ ಎತ್ತರವೂ ಮುಖದ ಮೇಲಿನ ಬಣ್ಣಗಾರಿಕೆಯೂ ಸೇರಿ ದೈತ್ಯನನ್ನು ನಿರ್ಮಿಸಿದವು. ಅಲ್ಪ ಬಂಡವಾಳದಲ್ಲಿ ತಯಾರಾದ ದೈತ್ಯನನ್ನು ಪೂರ್ಣ ಬೆಳಕಿನಲ್ಲಿ ಬಹಳ ಹೊತ್ತು ನಿಲ್ಲಿಸಿದರೆ ಅಂಟು, ಬಣ್ಣ, ಕೃತಕ ಕೂದಲು ಎಲ್ಲವೂ ಕಾಣಿಸಿಬಿಡುತ್ತವೆ. ಆದುದರಿಂದ ಇಂಥ ಚಿತ್ರಗಳಲ್ಲಿ ಮೊದಲು ಕೈಯೊಂದು, ನೆರಳೊಂದು, ಬಾಗಿಲ ಕಿರುಗುಟ್ಟುವಿಕೆಯೊಂದು ಬರುತ್ತದೆ. ಹೊಗೆಯೂ ಬಣ್ಣದ ದೀಪಗಳೂ ಉಳಿದುದನ್ನು ಮರೆಮಾಡುತ್ತವೆ. ಕಾಣದೆ ಇದ್ದುದನ್ನು ಪ್ರೇಕ್ಷಕನ ಮನಸ್ಸು ತಾನೇ ದೊಡ್ಡದಾಗಿ ಬೆಳೆಸಿಕೊಳ್ಳುತ್ತದೆ. ಕೊನೆಯಲ್ಲಿ ದೈತ್ಯ ಎದುರಿಗೆ ಬಂದು ನಿಂತಾಗ ಭಯ ಅರ್ಧ ಇಳಿದಿರುತ್ತದೆ. ಕೆಲವೊಮ್ಮೆ ನಗುವೂ ಬರುತ್ತದೆ.

ಮನೆಯ ಮೌನವೂ ಇದೇ ರೀತಿ ಕೆಲಸಮಾಡುತ್ತದೆ. ಹಿರಿಯರು ಮಾತು ತಪ್ಪಿಸುವುದನ್ನು, ಒಂದು ಹೆಸರು ಬಂದಾಗ ಎದ್ದುಹೋಗುವುದನ್ನು, ಒಂದು ಮನೆಯವರ ಮದುವೆಗೆ ಮಾತ್ರ ಹೋಗದಿರುವುದನ್ನು ಮಕ್ಕಳು ಗಮನಿಸುತ್ತಾರೆ. ಕಾರಣ ತಿಳಿಯದಿದ್ದರೂ ಕಾರಣವೊಂದು ಇದೆಯೆಂದು ಅವರಿಗೆ ತಿಳಿದಿರುತ್ತದೆ. ನಿಜ ಸಂಗತಿ ಎರಡು ಎಕರೆ ಗದ್ದೆಯದೋ ಒಂದು ಜೊತೆ ಬಳೆಯದೋ ಆಗಿರಬಹುದು. ಅವರ ಕಲ್ಪನೆಯಲ್ಲಿ ಅದು ಅದಕ್ಕಿಂತ ಹಲವು ಪಾಲು ಬೆಳೆದು ನಿಂತಿರುತ್ತದೆ. ಬೆಳಕಿಗೆ ತಂದರೆ ಅದು ಅಳತೆಗೆ ಸಿಗುತ್ತದೆ. ಅಳತೆಗೆ ಸಿಕ್ಕುದನ್ನು ಹಿಂದಿರುಗಿಸಬಹುದು, ಪಾಲು ಮಾಡಬಹುದು, ಅದಕ್ಕಾಗಿ ಕ್ಷಮೆ ಕೇಳಬಹುದು.

ಪೆಟ್ಟಿಗೆ ತೆರೆದ ಮೇಲೆ ಏನು ಮಾಡಬೇಕೆಂಬಲ್ಲಿ ಈ ಚಿತ್ರಗಳ ವಿವೇಕ ಮುಗಿದುಹೋಗುತ್ತದೆ. ಅವುಗಳಿಗೆ ತಿಳಿದಿರುವುದು ದೈತ್ಯನ ಸಂಹಾರವೊಂದೇ. ಸಂಹಾರದಿಂದ ವೈರ ಮುಗಿಯಿತೆ? 'ಪುರಾನಾ ಮಂದಿರ್' ಚಿತ್ರದಲ್ಲಿ ನಾಶವಾದ ಸಾಮ್ರಿಯ ಹೆಸರೇ ಮರುವರ್ಷ, 1985ರಲ್ಲಿ, ಮೂರು ಆಯಾಮದ ಹೊಸ ಚಿತ್ರವೊಂದಕ್ಕೆ ಶೀರ್ಷಿಕೆಯಾಗಿ ಮರಳಿ ಬಂದಿತು. ಅದು ವ್ಯಾಪಾರದ ಲೆಕ್ಕಾಚಾರವಿರಬಹುದು. ಆದರೂ ಕೊಂದು ಮುಗಿಸಿದ ಶತ್ರು ಮುಗಿಯುವುದಿಲ್ಲವೆಂಬ ಸತ್ಯವನ್ನು ಅರಿಯದೆಯೇ ಹೇಳಿದಂತಾಯಿತು.

ವೈರದ ಕಥೆಯನ್ನು ಬೇರೊಂದು ರೀತಿಯಲ್ಲಿ ಹೇಳುವ ಪರಂಪರೆ ಕನ್ನಡ ನಾಡಿನ ಕಲ್ಲಿನಲ್ಲಿಯೇ ಇದೆ. ಬಾದಾಮಿಯ ಜೈನ ಗುಹೆಯಲ್ಲಿಯೂ ಐಹೊಳೆಯ ಜೈನ ಗುಹೆಯಲ್ಲಿಯೂ ಭಗವಾನ್ ಪಾರ್ಶ್ವನಾಥರ ಮೇಲೆ ಕಮಠನ ಉಪಸರ್ಗವನ್ನು ಕಡೆದಿದ್ದಾರೆ. ಅಲ್ಲಿಯೂ ಭೀಕರನಾದ ಶತ್ರುವಿದ್ದಾನೆ, ಅವನ ಆಕ್ರಮಣವಿದೆ, ಹಳೆಯ ಸೇಡಿದೆ. ಆ ಸೇಡು ಹುಟ್ಟಿದುದು ಒಂದು ಮನೆಯಲ್ಲಿ, ಅಣ್ಣತಮ್ಮಂದಿರ ನಡುವೆ. ಅಣ್ಣ ಕಮಠನು ತಮ್ಮ ಮರುಭೂತಿಯ ಸಂಸಾರಕ್ಕೆ ಕೇಡುಬಗೆದು ದಂಡನೆಗೊಳಗಾದನು; ಅವನನ್ನು ಸಂತೈಸಲು ಹೋದ ತಮ್ಮನನ್ನು ಕಲ್ಲೆತ್ತಿ ಹಾಕಿ ಕೊಂದನು. ಅಲ್ಲಿಂದ ಆ ದ್ವೇಷ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿ ಬಂದಿತು. ಆದರೆ ಭೇದವನ್ನು ಗಮನಿಸಬೇಕು. ಈ ವೈರ ಮಕ್ಕಳು ಮೊಮ್ಮಕ್ಕಳಿಗೆ ದಾಟುವುದಿಲ್ಲ. ದ್ವೇಷ ಕಟ್ಟಿಕೊಂಡ ಜೀವವೇ ಅದನ್ನು ಭವದಿಂದ ಭವಕ್ಕೆ ಹೊತ್ತು ತಿರುಗುತ್ತದೆ. ಶಿಲ್ಪದ ನಡುವೆ ನಿಂತವರು ಕೈಯೆತ್ತುವುದಿಲ್ಲ. ಧರಣೇಂದ್ರನು ಹೆಡೆಯ ನೆರಳನ್ನು ಹಿಡಿದು ರಕ್ಷಿಸುತ್ತಾನೆಯೇ ಹೊರತು ವೈರಿಯ ತಲೆಯನ್ನು ಕಡಿಯುವುದಿಲ್ಲ. ಎದುರುಪೆಟ್ಟು ಸಿಗದ ದ್ವೇಷ ಅಲ್ಲಿಯೇ ಸೋತು ನಿಲ್ಲುತ್ತದೆ. ಪೀಡಿಸಿದವನಿಗೂ ಕೊನೆಗೆ ಶಾಂತಿಯ ದಾರಿ ತೆರೆಯುತ್ತದೆ.

ಅನ್ಯಾಯವನ್ನು ತಡೆಯಬೇಡಿರೆಂದು ಈ ಕಥೆ ಹೇಳುತ್ತಿಲ್ಲ. ಧರಣೇಂದ್ರನ ಹೆಡೆಯೂ ತಡೆಯೇ. ತಡೆದ ಮೇಲೆ ದ್ವೇಷವನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನವರಿಗೆ ಕಾಪಿಡಬಾರದೆಂದು ಹೇಳುತ್ತದೆ. ಹರಿಮಾನ್ ಸಿಂಗನು ದಂಡಿಸಿದುದರಲ್ಲಿ ತಪ್ಪು ಹುಡುಕುವುದಕ್ಕಿಂತ, ದಂಡಿಸಿದುದರ ರುಂಡವನ್ನು ತನ್ನ ಮಕ್ಕಳು ಮಲಗುವ ಮನೆಯಲ್ಲಿಯೇ ಇಟ್ಟನಲ್ಲ ಎಂದು ಮರುಗುವುದು ಹೆಚ್ಚು ಯುಕ್ತವಾದೀತು.

1993ರಲ್ಲಿ ರಾಮ್ಸೆ ಸೋದರರ ಭಯದ ಕಥೆಗಳು ಜೀ ವಾಹಿನಿಯ 'ಜೀ ಹಾರರ್ ಶೋ' ಮೂಲಕ ಮನೆಯ ನಡುಕೋಣೆಗೇ ಬಂದವು. ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ ರಾಮ್ಸೆ 2019ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಈಗಲೂ ನೋಡುವವರಿದ್ದಾರೆ. ಮಕ್ಕಳಿಗೆ ಅವು ತಕ್ಕವಲ್ಲವೆಂದು ಹಿರಿಯರು ನಿಲ್ಲಿಸಿದರೆ ಅದು ಸರಿಯೇ. ಆದರೆ ಎಲ್ಲಿಯೋ ಹೇಗೋ ಆ ಕಥೆಯನ್ನು ಕೇಳಿದ ಮಗು, ಆ ಹುಡುಗಿ ಏನು ತಪ್ಪು ಮಾಡಿದ್ದಳೆಂದು ಕೇಳಿದರೆ, ಗದರಿಸಿ ಸುಮ್ಮನಾಗಿಸುವುದು ಉಚಿತವಲ್ಲ. ಅವಳು ಏನೂ ತಪ್ಪು ಮಾಡಿರಲಿಲ್ಲವೆಂಬುದೇ ಸಿದ್ಧಾಂತಕ್ಕೆ ಒಪ್ಪುವ ಉತ್ತರ. ಮಗುವಿನ ಎರಡನೆಯ ಪ್ರಶ್ನೆ ಅದಕ್ಕಿಂತ ಕಠಿಣವಾದುದು: ಹಾಗಾದರೆ ಅವಳ ಅಪ್ಪ ಅವಳಿಗೆ ಮೊದಲೇ ಏಕೆ ಹೇಳಲಿಲ್ಲ?

ದಶಲಕ್ಷಣಪರ್ವದ ಕೊನೆಯಲ್ಲಿ ಮನೆಮನೆಗೆ ಹೋಗಿ ಕ್ಷಮೆ ಬೇಡುವ ಪದ್ಧತಿ ಈ ಸಮಾಜದಲ್ಲಿದೆ. ಸಾಮಾನ್ಯವಾಗಿ ಹಾಗೆ ಬೇಡುವುದು ಸ್ನೇಹಿತರಲ್ಲಿ, ಬಂಧುಗಳಲ್ಲಿ, ದಿನವೂ ನಗುತ್ತ ಮಾತನಾಡುವವರಲ್ಲಿ. ಮನೆಯ ಹಳೆಯ ಪತ್ರಗಳನ್ನು ಒಮ್ಮೆ ಬಿಚ್ಚಿ ಓದಿ, ಯಾರ ಮನೆಗೆ ಇಷ್ಟು ವರ್ಷ ಹೋಗಿಲ್ಲವೋ ಆ ಮನೆಯ ಬಾಗಿಲನ್ನು ತಟ್ಟಿದ ದಿನ ಆ ಪದ್ಧತಿಗೆ ಅದರ ಪೂರ್ಣಾರ್ಥ ಬರುತ್ತದೆ. ಜೊತೆಯಲ್ಲಿ ಮಕ್ಕಳನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಅವರಿಗೆ ದಾಟಬೇಕಾದ ಆಸ್ತಿ ಅದೇ.